ದೋಣಿ ಮೇಷ್ಟ್ರ ಇಪ್ಪತ್ತನಾಲ್ಕು ನಿಮಿಷ

ಹೋದ ವಾರ ಮೇಷ್ಟ್ರ ಮಗಳಿಂದ ಒಂದು ಕಾಗದ ಬಂತು. ತಂದೆಯವರು ತೀರಿಕೊಂಡರು, ಎಂಬತ್ತು ದಾಟಿತ್ತು, ಕೊನೆಯವರೆಗೂ ನೆನಪು ಚೆನ್ನಾಗಿತ್ತು, ನಿಮ್ಮ ವಿಷಯ ಆಗಾಗ ಹೇಳುತ್ತಿದ್ದರು ಎಂದು ಬರೆದಿದ್ದಳು. ಹನ್ನೊಂದನೆಯ ದಿನ ಸೇರಿದ್ದ ನೆಂಟರಿಷ್ಟರೆಲ್ಲ ‘ಬಹಳ ಸಾಧು ಮನುಷ್ಯ’ ಎಂದರಂತೆ. ಅದನ್ನು ಓದಿದಾಗ ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಸಾಧುವಂತೆ! ಸತ್ತವರನ್ನೆಲ್ಲ ಸಾಧು ಮಾಡಿ ಮಲಗಿಸುವುದು ನಮ್ಮ ಜನರಿಗೆ ಒಂದು ಚಾಳಿ. ಆ ಮನುಷ್ಯ ಸಾಧುವಾಗಿದ್ದರೆ ನಾನು ಹದಿನಾಲ್ಕು ತುಂಬುವುದರೊಳಗೆ ಹೊಸಕೋಟೆ ಕಡೆಯ ಸೋದರಮಾವನ ಮನೆಗೆ ಸೊಸೆಯಾಗಿ ಹೋಗಿರುತ್ತಿದ್ದೆ. ಮೂವತ್ತೆರಡು ವರ್ಷ ಹೆಣ್ಣುಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ನಿವೃತ್ತಳಾಗುತ್ತಿರಲಿಲ್ಲ. ಅವರು ಶುದ್ಧ ಜಗಳಗಂಟರು. ಅಷ್ಟನ್ನಾದರೂ ಯಾರಾದರೂ ಸರಿಯಾಗಿ ಬರೆದಿಡಬೇಕು ಎಂದು ಈಗ ಕೂತಿದ್ದೇನೆ.

ಹೆಸರು ಬೇಡ. ಊರಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಕಡಿಮೆ. ದೊಡ್ಡಬಳ್ಳಾಪುರದಿಂದ ಘಾಟಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಕ್ಕಿರುವ ನಮ್ಮೂರಿನ ಮಿಡ್ಲ್ ಸ್ಕೂಲಿಗೆ ಅವರು ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಅದಕ್ಕೆ ಮೊದಲು ಕಾವೇರಿ ದಡದ ಒಂದು ಊರಿನಲ್ಲಿದ್ದರು. ಅಲ್ಲಿ ಯಾರೋ ಮೇಲಿನವರಿಗೆ ಎದುರು ಮಾತಾಡಿದ್ದಕ್ಕೆ ಇಲ್ಲಿಗೆ ಎತ್ತಿ ಹಾಕಿದ್ದರು. ‘ಹೊಳೆ ಪಕ್ಕ ಹುಟ್ಟಿದವನನ್ನ ನೀರಿಲ್ಲದ ಊರಿಗೆ ಹಾಕಿದ್ದಾರೆ, ಮೀನು ಅಂದ್ಕೊಂಡ್ರೋ ಏನೋ’ ಎಂದು ಅವರೇ ನಗುತ್ತಿದ್ದರು.

ಬಂದ ದಿನವೇ ಪಟೇಲರು ತಮ್ಮ ಜಗಲಿಗೆ ಕರೆಸಿ, ಎಲೆ ಅಡಿಕೆ ಮುಂದಿಟ್ಟು, ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದರು.

“ತಾವು ಯಾವ ಪೈಕಿ ಮೇಷ್ಟ್ರೇ?”

“ಅಂಬಿಗ್ರು. ನಮ್ಮಪ್ಪ ಈಗಲೂ ದೋಣಿ ನಡೆಸ್ತಾರೆ. ನಾನೂ ಹದಿನೆಂಟು ವರ್ಷದವರೆಗೆ ಹುಟ್ಟು ಹಾಕ್ದೋನೇ. ಇನ್ನೇನಾದ್ರೂ ಕೇಳೋದಿದ್ಯಾ?”

ಬೆಳಿಗ್ಗೆ ಖಾಲಿಯಿದ್ದ ಎರಡು ಮನೆಗಳಿಗೆ ಸಂಜೆಯ ಹೊತ್ತಿಗೆ ಬಾಡಿಗೆಗೆ ಜನ ಬಂದುಬಿಟ್ಟಿದ್ದರಂತೆ. ಕೊನೆಗೆ ನೇಕಾರರ ಬೀದಿಯಲ್ಲಿ ಒಬ್ಬರು ಮಗ್ಗದ ಹಿಂದಿನ ಕೋಣೆ ಕೊಟ್ಟರು. ಹಗಲೆಲ್ಲ ಲಾಳಿಯ ಸದ್ದು. ಮೇಷ್ಟ್ರು ಅದಕ್ಕೇನೂ ಬೇಸರ ಪಟ್ಟುಕೊಳ್ಳಲಿಲ್ಲ. ಊರ ದೊಡ್ಡವರು ಬೆನ್ನ ಹಿಂದೆ ‘ದೋಣಿ ಮೇಷ್ಟ್ರು’ ಎಂದು ಹೆಸರಿಟ್ಟು ಕಿಸಕ್ಕೆಂದು ನಗುವುದು ಕಿವಿಗೆ ಬಿದ್ದಾಗ ಒಂದು ಕೆಲಸ ಮಾಡಿದರು. ತಮ್ಮ ಕಪ್ಪು ಛತ್ರಿಯ ಮೇಲೆ ಬಿಳಿ ಬಣ್ಣದಲ್ಲಿ ‘ದೋ. ಮೇ.’ ಎಂದು ಅಂಗೈಯಗಲದ ಅಕ್ಷರಗಳಲ್ಲಿ ಬರೆಸಿಕೊಂಡರು. ಮಳೆ ಇರಲಿ ಬಿಸಿಲಿರಲಿ, ಆ ಛತ್ರಿ ಬಿಚ್ಚಿಕೊಂಡು ಪಟೇಲರ ಮನೆ ಮುಂದೆಯೇ ಸ್ಕೂಲಿಗೆ ಬರುತ್ತಿದ್ದರು. ಅಡ್ಡಹೆಸರು ಇಟ್ಟವರಿಗೆ ಅದನ್ನು ಹೇಳುವ ಖುಷಿಯೇ ಹೋಯಿತು.

ಆಳು ಕುಳ್ಳು. ತೋಳು ಮಾತ್ರ ಎತ್ತರದವರಿಂದ ತಂದು ಜೋಡಿಸಿದ ಹಾಗೆ ಉದ್ದ, ಗಟ್ಟಿ. ಹಸಿರು ತಿರುಗಿದ ಕರಿ ಕೋಟು, ಕಿವಿಯ ಮೇಲೆ ಒಂದು ಸೀಮೆಸುಣ್ಣದ ತುಂಡು. ಬೆತ್ತ ಹಿಡಿದದ್ದನ್ನು ನಾನು ನೋಡಿಲ್ಲ. ತಪ್ಪು ಮಾಡಿದ ಹುಡುಗರನ್ನು ಬೆಂಚಿನ ಮೇಲೆ ಕೂರಿಸಿ, ಎರಡು ಕೈಯನ್ನೂ ಮುಂದಕ್ಕೆ ಚಾಚಿಸಿ, ‘ಹಾಕು ಹುಟ್ಟು, ಐವತ್ತು’ ಎನ್ನುತ್ತಿದ್ದರು. ಇಪ್ಪತ್ತಕ್ಕೇ ಭುಜ ಬಿದ್ದುಹೋಗುತ್ತಿತ್ತು. ಹುಡುಗರು ಬೆತ್ತದ ಏಟೇ ವಾಸಿ ಎಂದು ಹೆಡ್‌ಮಾಸ್ಟರಿಗೆ ದೂರು ಕೊಟ್ಟದ್ದೂ ಉಂಟು.

ಯಾವ ಲೆಕ್ಕ ಕೊಟ್ಟರೂ ಅವರು ಮೊದಲು ಕೇಳುತ್ತಿದ್ದದ್ದು ಒಂದೇ: “ನೀರು ಯಾವ ಕಡೆಗೆ ಹೋಗ್ತಾ ಇದೆ?” ಬಡ್ಡಿ ಲೆಕ್ಕವಿರಲಿ, ಕೆಲಸಗಾರರು ಗೋಡೆ ಕಟ್ಟುವ ಲೆಕ್ಕವಿರಲಿ, ಯಾವುದು ನೂಕುತ್ತೆ, ಯಾವುದು ತಡೆಯುತ್ತೆ ಅಂತ ನೋಡದೆ ಬಳಪ ಹಿಡಿಯಬೇಡಿ ಎಂದು ಅದರ ಅರ್ಥ. ನಾನು ಈಗಲೂ ಮನೆಯಲ್ಲಿ ಯಾರಾದರೂ ಜಗಳ ತಂದು ಮುಂದಿಟ್ಟರೆ ಮನಸ್ಸಿನಲ್ಲೇ ಆ ಪ್ರಶ್ನೆ ಕೇಳಿಕೊಳ್ಳುತ್ತೇನೆ.

ಇನ್ನು ಆ ಲೆಕ್ಕಕ್ಕೆ ಬರುತ್ತೇನೆ. ನಮ್ಮ ಅಂಕಗಣಿತದ ಪುಸ್ತಕದ ಕೊನೆಯ ಅಧ್ಯಾಯ ದೋಣಿ ಮತ್ತು ಪ್ರವಾಹ. ಒಂದು ದೋಣಿಯ ವೇಗ ನಿಂತ ನೀರಿನಲ್ಲಿ ಗಂಟೆಗೆ ಐದು ಮೈಲಿ. ಪ್ರವಾಹದ ವೇಗ ಗಂಟೆಗೆ ಒಂದು ಮೈಲಿ. ಪ್ರವಾಹದ ಜೊತೆಗೆ ಇಪ್ಪತ್ತನಾಲ್ಕು ಮೈಲಿ ಹೋಗಿ, ಅದೇ ದಾರಿಯಲ್ಲಿ ಎದುರಾಗಿ ಹಿಂದಿರುಗಲು ಒಟ್ಟು ಎಷ್ಟು ಹೊತ್ತು ಬೇಕು?

ಇಡೀ ಎಂಟನೆಯ ಕ್ಲಾಸು, ಹದಿಮೂರು ಜನವೂ, ಹೋಗುವುದಕ್ಕೆ ಎಷ್ಟೋ ಬರುವುದಕ್ಕೂ ಅಷ್ಟೇ ಎಂದು ಬರೆದೆವು. ಪ್ರವಾಹ ಎಂಬ ಮಾತನ್ನು ಯಾರೂ ಮುಟ್ಟಿರಲಿಲ್ಲ. ಮೇಷ್ಟ್ರು ಸ್ಲೇಟುಗಳನ್ನು ಒಂದೊಂದಾಗಿ ನೋಡಿ, ಕ್ಲಾಸಿನಲ್ಲಿದ್ದ ಒಬ್ಬಳೇ ಹುಡುಗಿಯಾದ ನನ್ನನ್ನು ಎಬ್ಬಿಸಿದರು.

“ಯಾಕವ್ವಾ ಎರಡೂ ಸಮ?”

“ನೀರು ನಿಂತಿರತ್ತಲ್ಲ ಮೇಷ್ಟ್ರೇ.”

“ಯಾರು ಹೇಳಿದ್ದು ನಿಂತಿರತ್ತೆ ಅಂತ?”

“ನೀರು ಇನ್ನೆಲ್ಲಿಗೆ ಹೋಗತ್ತೆ?”

ಹುಡುಗರು ನಗಲಿಲ್ಲ, ಯಾಕೆಂದರೆ ಅವರ ಅಭಿಪ್ರಾಯವೂ ಅದೇ. ನಮಗೆ ಗೊತ್ತಿದ್ದ ನೀರೆಂದರೆ ಕೆರೆ, ಬಾವಿ, ಕಲ್ಯಾಣಿ. ಅರ್ಕಾವತಿ ಹುಟ್ಟುವುದು ನಮ್ಮ ಕಡೆಯೇ, ಆದರೆ ನಮ್ಮಲ್ಲಿ ಅದು ಎಮ್ಮೆ ದಾಟುವ ಹಳ್ಳ. ದೋಣಿಯನ್ನು ಚಿತ್ರದಲ್ಲಿ ಬಿಟ್ಟರೆ ಒಬ್ಬರೂ ನೋಡಿರಲಿಲ್ಲ. ಮೇಷ್ಟ್ರು ಕುರ್ಚಿಯ ಮೇಲೆ ಕೂತುಬಿಟ್ಟರು. ಆಮೇಲೆ ಎದ್ದು ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು.

“ಏಳಿ ಎಲ್ಲಾ. ಕೆರೆ ಹತ್ರ ಹೋಗೋಣ. ತೂಬು ತೆಗೆದಿದ್ದಾರಾ?”

ತೆಗೆದಿದ್ದರು. ಭತ್ತದ ನಾಟಿಯ ಕಾಲ. ಕೆರೆಯ ತೂಬಿನಿಂದ ಕಾಲುವೆಯಲ್ಲಿ ಮೊಣಕಾಲುದ್ದ ನೀರು ರಭಸವಾಗಿ ಹೋಗುತ್ತಿತ್ತು. ಮೇಷ್ಟ್ರು ಮೊದಲು ನಮ್ಮನ್ನು ಕೆರೆಯಂಚಿನ ನಿಂತ ನೀರಿಗೆ ಇಳಿಸಿ, ಎರಡು ಕಲ್ಲುಗಳ ನಡುವೆ ನಡೆಸಿದರು. ದಡದ ಮೇಲೆ ನಿಂತು ಒಂದು, ಎರಡು ಎಂದು ಒಂದೇ ಸಮನೆ ಎಣಿಸಿದರು. ಹೋಗುವುದಕ್ಕೆ ಐವತ್ತು, ಬರುವುದಕ್ಕೆ ಐವತ್ತು. ಆಮೇಲೆ ಅಷ್ಟೇ ದೂರವನ್ನು ಕಾಲುವೆಯ ಪಕ್ಕದಲ್ಲಿ ಹೆಜ್ಜೆ ಹಾಕಿ ಅಳೆದು, ಎರಡು ಕಡೆಗೂ ಕಡ್ಡಿ ನೆಟ್ಟರು.

“ಈಗ ನೀವೇ ದೋಣಿ. ಇಳೀರಿ. ಜೋರಾಗಿ ಓಡ್ಬೇಡಿ, ಕೆರೇಲಿ ನಡೆದ ಹಾಗೇ ನಡೀಬೇಕು.”

ನಾನು ಲಂಗ ಎತ್ತಿ ಸಿಕ್ಕಿಸಿಕೊಂಡು ಇಳಿದೆ. ನೀರು ಹಿಂದಿನಿಂದ ಮೊಣಕಾಲನ್ನು ತಳ್ಳಿತು, ಹೆಜ್ಜೆ ತಾನಾಗಿ ಬಿತ್ತು. ನಲವತ್ತಕ್ಕೆಲ್ಲ ಆ ಕಡ್ಡಿ ಮುಟ್ಟಿದೆ. ತಿರುಗಿ ನಿಂತಾಗ ಅದೇ ನೀರು ಬೇರೆ ಮುಖ ಮಾಡಿಕೊಂಡಿತ್ತು. ಮಂಡಿಗೆ ಆನಿಸಿ ನೂಕುತ್ತಿತ್ತು, ಕಾಲ ಕೆಳಗಿನ ಮರಳನ್ನು ಎಳೆಯುತ್ತಿತ್ತು. ಅರವತ್ತೆಂಟು ಎಂದು ಮೇಷ್ಟ್ರು ಕೂಗುವ ಹೊತ್ತಿಗೆ ಹಿಂದಕ್ಕೆ ತಲುಪಿದೆ. ಅಷ್ಟರಲ್ಲಿ ಕಾಲುವೆ ಕಾಯುವ ನೀರುಗಂಟಿ ಸನಿಕೆ ಹಿಡಿದುಕೊಂಡು ಓಡಿಬಂದ.

“ಏನ್ ಮೇಷ್ಟ್ರೇ ಇದು? ಮಕ್ಳುನ್ನ ಕಾಲ್ವೇಗೆ ಬುಟ್ಟು ಬದ ಎಲ್ಲಾ ತುಳ್ಸಾಕ್ತಿದ್ದೀರಲ್ಲ! ಎಣ್ಮಗೀನ ಬ್ಯಾರೆ ಇಳ್ಸಿದ್ದೀರಿ!”

“ಲೆಕ್ಕ ಮಾಡ್ತಾ ಇದ್ದೀವಿ ಕಣಪ್ಪಾ. ನೀನೇ ಹೇಳು, ಇದರಲ್ಲಿ ಎದುರು ನಡೆದ್ರೆ ಹೆಚ್ಚು ಹೊತ್ತಾ, ಕಡಿಮೆ ಹೊತ್ತಾ?”

“ಅದುಕ್ಯಾಕ್ ಸ್ವಾಮಿ ಲೆಕ್ಕ? ಮಂಡಿ ಯೋಳ್ತೈತೆ” ಎಂದ ನೀರುಗಂಟಿ.

ಆ ದಿನ ಮೇಷ್ಟ್ರು ಒದ್ದೆ ಕಾಲಲ್ಲಿ ನಿಂತು ವಿವರಿಸಿದ್ದು ನನಗೆ ಇವತ್ತಿಗೂ ಮಾತು ಮಾತಾಗಿ ನೆನಪಿದೆ. ನಿಂತ ನೀರಲ್ಲಿ ಎರಡೂ ಸೇರಿ ನೂರು ಎಣಿಕೆ. ಹರಿಯುವ ನೀರಲ್ಲಿ ನೂರ ಎಂಟು. ಹೋಗುವಾಗ ನೀರು ಉಳಿಸಿಕೊಟ್ಟದ್ದು ಹತ್ತು, ಬರುವಾಗ ತಿಂದದ್ದು ಹದಿನೆಂಟು. ಯಾಕೆ? “ಜೊತೆಗೆ ಹೋಗೋವಾಗ ಬೇಗ ದಡ ಸೇರ್ತೀರಿ, ನೀರಿನ ಉಪಕಾರ ಸ್ವಲ್ಪ ಹೊತ್ತು. ಎದುರು ಬರೋವಾಗ ತಡ ಆಗತ್ತೆ, ತಡ ಆದಷ್ಟೂ ನೀರು ತಳ್ತಾನೇ ಇರತ್ತೆ. ಎದುರು ಹೋಗೋರು ಹೆಚ್ಚು ಹೊತ್ತು ನೀರಲ್ಲಿರ್ತಾರೆ ಕಣ್ರೋ, ಅಷ್ಟೇ ಗುಟ್ಟು.” ಸ್ಕೂಲಿಗೆ ಹಿಂದಿರುಗಿ ಪುಸ್ತಕದ ಲೆಕ್ಕ ಮಾಡಿದೆವು. ಹೋಗುವಾಗ ಗಂಟೆಗೆ ಆರು ಮೈಲಿ, ನಾಲ್ಕು ಗಂಟೆ. ಬರುವಾಗ ನಾಲ್ಕು ಮೈಲಿ, ಆರು ಗಂಟೆ. ಒಟ್ಟು ಹತ್ತು ಗಂಟೆ.

ಪುಸ್ತಕದ ಕೊನೆಯ ಉತ್ತರದ ಹಾಳೆಯಲ್ಲಿ ಒಂಬತ್ತು ಗಂಟೆ ಮೂವತ್ತಾರು ನಿಮಿಷ ಎಂದು ಅಚ್ಚಾಗಿತ್ತು. ಹೋಗುವಾಗಿನ ಲಾಭ ಬರುವಾಗಿನ ನಷ್ಟಕ್ಕೆ ಸರಿಹೋಗುತ್ತದೆ, ಆದ್ದರಿಂದ ಪ್ರವಾಹವನ್ನು ಗಣಿಸಬೇಕಿಲ್ಲ ಎಂದು ಕೆಳಗೆ ಒಂದು ಟಿಪ್ಪಣಿ ಬೇರೆ. ಕೆರೆಯೂರಿನ ಮಕ್ಕಳಾದ ನಾವು ಮಾಡಿದ ತಪ್ಪನ್ನೇ ಪಟ್ಟಣದ ದೊಡ್ಡವರು ಕೋಟು ಹಾಕಿಸಿ ಅಚ್ಚು ಮಾಡಿದ್ದರು. ವ್ಯತ್ಯಾಸ ಇಪ್ಪತ್ತನಾಲ್ಕು ನಿಮಿಷ.

ಬೇರೆ ಮೇಷ್ಟ್ರಾಗಿದ್ದರೆ ‘ಅಚ್ಚಿನ ದೋಷ’ ಎಂದು ಸುಮ್ಮನಾಗುತ್ತಿದ್ದರು. ಇವರು ಹದಿಮೂರು ಪುಸ್ತಕಗಳನ್ನೂ ಮೇಜಿನ ಮೇಲೆ ಪೇರಿಸಿಕೊಂಡು, ಒಂದೊಂದರಲ್ಲೂ ಆ ಉತ್ತರಕ್ಕೆ ಕೆಂಪು ಮಸಿಯಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಹತ್ತು ಎಂದು ಬರೆದು, ಅದರ ಕೆಳಗೆ ತಮ್ಮ ರುಜುವನ್ನೂ ಹಾಕಿದರು. “ತಿದ್ದಿದ್ದು ಯಾರು ಅಂತ ಗೊತ್ತಾಗ್ಲಿ” ಎಂದರು. ಯುದ್ಧದಿಂದಾಗಿ ಕಾಗದಕ್ಕೆ ಬರ, ಹೊಸ ಪುಸ್ತಕ ಸಿಗುತ್ತಿರಲಿಲ್ಲ. ಮೇಲಿನ ಕ್ಲಾಸಿನವರ ಪುಸ್ತಕವೇ ಕೆಳಗಿನವರಿಗೆ ಇಳಿದು ಬರುತ್ತಿತ್ತು. ಹಾಗಾಗಿ ಆ ಕೆಂಪು ಗೆರೆ ನಮ್ಮೂರಲ್ಲಿ ಬಹಳ ವರ್ಷ ಬಾಳಿತು.

ನಾನು ಮೊಣಕಾಲು ತೋರಿಸಿಕೊಂಡು ಕಾಲುವೆಗೆ ಇಳಿದ ಸುದ್ದಿ ನನಗಿಂತ ಮೊದಲೇ ಮನೆ ತಲುಪಿತ್ತು. ಅವ್ವ ಬಾಯಿಗೆ ಬಂದ ಹಾಗೆ ಬೈದಳು. ಅವಳಿಗೆ ತನ್ನ ತಮ್ಮನ ಮಗನಿಗೆ ನನ್ನನ್ನು ಕೊಟ್ಟುಬಿಡುವ ಆತುರ. ಅಪ್ಪ ಮಾತ್ರ ಒಂದು ಮಾತು ಕೊಟ್ಟಿದ್ದ: ಎಂಟನೆಯ ಕ್ಲಾಸಿನ ಕೊನೆಯಲ್ಲಿ ಬರುವ ಸರ್ಕಾರಿ ಪರೀಕ್ಷೆ ಪಾಸಾದರೆ ದೊಡ್ಡಬಳ್ಳಾಪುರದ ಹೈಸ್ಕೂಲು, ಇಲ್ಲದಿದ್ದರೆ ಮಾವನ ಮನೆ. ಪರೀಕ್ಷೆಗೆ ಯಾರು ಕೂರಬಹುದು ಎಂಬ ಪಟ್ಟಿಗೆ ಇನ್ಸ್‌ಪೆಕ್ಟರು ಬಂದು ನೋಡಿ ರುಜು ಹಾಕಬೇಕಿತ್ತು. ನನ್ನ ಪಾಲಿಗೆ ಬದುಕು ಆ ಒಂದು ಹಾಳೆಯ ಮೇಲೆ ನಿಂತಿತ್ತು.

ಇನ್ಸ್‌ಪೆಕ್ಟರು ಜಟಕಾದಲ್ಲಿ ಬಂದಿಳಿದರು. ಗರಿಗರಿ ಪೇಟ, ಮಿರಿಮಿರಿ ಬೂಟು. ಹೆಡ್‌ಮಾಸ್ಟರು ಬಾಳೆಹಣ್ಣು, ಕಾಫಿ ಎಂದು ಒಳಗೂ ಹೊರಗೂ ಓಡಾಡಿ ಬೆವೆತುಹೋಗಿದ್ದರು. ಹುಡುಗರಿಗೆ ವ್ಯಾಕರಣ, ಭೂಗೋಳ ಕೇಳಿ ಮುಗಿಸಿದ ಇನ್ಸ್‌ಪೆಕ್ಟರು ಕೊನೆಗೆ ನನ್ನ ಕಡೆ ತಿರುಗಿದರು.

“ಏನಮ್ಮಾ, ದೋಣಿ ಲೆಕ್ಕ ಬರತ್ತಾ? ಇಪ್ಪತ್ತನಾಲ್ಕು ಮೈಲಿದು ಮಾಡು ನೋಡೋಣ.”

ಖುಷಿಯಿಂದ ಬೋರ್ಡಿನ ಮೇಲೆ ಮಾಡಿದೆ. ಹತ್ತು ಗಂಟೆ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಅವರು ತಪ್ಪು ಎಂದು ತಲೆಯಾಡಿಸಿ, ನನ್ನ ಪುಸ್ತಕ ತೆಗೆದು ಕೊನೆಯ ಹಾಳೆ ನೋಡಿದರು. ಕೆಂಪು ಗೆರೆ. ಪಕ್ಕದ ಹುಡುಗನ ಪುಸ್ತಕ ತೆಗೆದರು. ಅಲ್ಲೂ ಕೆಂಪು ಗೆರೆ. ನಾಲ್ಕನೆಯ ಪುಸ್ತಕದ ಹೊತ್ತಿಗೆ ಅವರ ಮುಖವೇ ಕೆಂಪಾಗಿತ್ತು.

“ಅಚ್ಚಾದ ಪುಸ್ತಕ ತಿದ್ದೋಕೆ ನೀವ್ಯಾರ್ರೀ?”

“ಹುಟ್ಟು ಹಾಕ್ದೋನು ಸಾರ್” ಎಂದರು ಮೇಷ್ಟ್ರು.

“ಪ್ರವಾಹ ಹೋಗ್ತಾ ಒಂದು ಮೈಲಿ ಕೊಡತ್ತೆ, ಬರ್ತಾ ಒಂದು ಮೈಲಿ ಕಿತ್ಕೊಳ್ಳತ್ತೆ. ಅಲ್ಲಿಗಲ್ಲಿಗೆ ವಜಾ ಆಯ್ತಲ್ಲ!”

“ಮೈಲಿ ವಜಾ ಆಗ್ಬೋದು, ಹೊತ್ತು ಆಗಲ್ಲ ಸಾರ್. ನೀರು ಕೊಟ್ಟಿದ್ದು ನಾಲ್ಕು ಗಂಟೆ ಹೊತ್ತು, ಕಿತ್ಕೊಂಡಿದ್ದು ಆರು ಗಂಟೆ ಹೊತ್ತು. ಅದು ಹೇಗೆ ಸಮ ಆಗತ್ತೆ? ಬನ್ನಿ, ಕಾಲುವೇಲಿ ನೀರು ಬಿಟ್ಟಿದ್ದಾರೆ, ಕಾಲು ಫರ್ಲಾಂಗೂ ಇಲ್ಲ. ನಡೆದೇ ನೋಡ್ಬಿಡೋಣ.”

ಇನ್ಸ್‌ಪೆಕ್ಟರು ತಮ್ಮ ಬೂಟು ನೋಡಿಕೊಂಡರು. “ಈ ಪುಸ್ತಕ ಬರೆದವರು ನನ್ನ ಗುರುಗಳು ಕಣ್ರೀ. ನನಗೆ ಅಕ್ಷರ ಕಲಿಸಿದವರು.”

“ಅವರ ಮೇಲೆ ನನಗೂ ಗೌರವ ಇದೆ. ಅವರು ದೋಣಿ ಹತ್ತಿಲ್ಲ, ಅಷ್ಟೇ.”

ಹೆಡ್‌ಮಾಸ್ಟರು ಕಣ್ಣು ಮುಚ್ಚಿಕೊಂಡರು. ಇನ್ಸ್‌ಪೆಕ್ಟರು ಪಟ್ಟಿ ತೆಗೆದು ಮೇಜಿನ ಮೇಲಿಟ್ಟು, ಪೆನ್ನಿನ ಮುಚ್ಚಳ ಬಿಚ್ಚಿ, ನನ್ನನ್ನು ನೋಡಿ ಮೆತ್ತಗೆ ಹೇಳಿದರು. “ಹುಡುಗಿ ಚುರುಕಾಗಿದ್ದಾಳೆ. ಪುಸ್ತಕದಲ್ಲಿರೋ ಉತ್ತರ ಬೋರ್ಡಿನ ಮೇಲೆ ಬರೀಲಿ, ಹೆಸರು ಇಡ್ತೀನಿ. ಇಲ್ದಿದ್ರೆ ತೆಗೀಬೇಕಾಗತ್ತೆ.”

“ಬರಿಯಮ್ಮಾ, ಒಂಬತ್ತು ಗಂಟೆ ಮೂವತ್ತಾರು ನಿಮಿಷ. ಬರೆದ್ರೆ ಕೈ ಸವೆಯತ್ತಾ?” ಎಂದು ಹೆಡ್‌ಮಾಸ್ಟರು ಅಂಗಲಾಚಿದರು.

ನಾನು ಮೇಷ್ಟ್ರ ಕಡೆ ನೋಡಿದೆ. ಅವರು ಬೋರ್ಡಿನ ಹತ್ತಿರ ಬಂದರು. ಅಷ್ಟು ಹೊತ್ತು ಗಟ್ಟಿಯಾಗಿದ್ದ ದನಿ ಇಳಿದು, ಅವರ ಹೊಳೆಸೀಮೆಯ ಮಾತಾಯಿತು.

“ಬರ್ದ್ಬುಡು ಮಗಾ. ಬೋರ್ಡ್ ಮೇಲಿಂದು ನಾಳೀಕೆ ಒರಸ್ಬೋದು. ಪಟ್ಟೀಲಿರೋ ಹೆಸ್ರು ಓಯ್ತು ಅಂದ್ರೆ ತಿರ್ಗಾ ಬರಾಕಿಲ್ಲ ಕನವ್ವಾ.”

ನನಗೆ ಮೈಯೆಲ್ಲ ಉರಿದುಹೋಯಿತು. ಇನ್ಸ್‌ಪೆಕ್ಟರ ಮೇಲೆ ಬರಬೇಕಾದ ಸಿಟ್ಟು ಮೇಷ್ಟ್ರ ಮೇಲೆ ಬಂತು. ಛತ್ರಿಯ ಮೇಲೆ ಅಡ್ಡಹೆಸರು ಬರೆಸಿಕೊಂಡು ಪಟೇಲರ ಮನೆ ಮುಂದೆ ನಡೆದವರು, ಹದಿಮೂರು ಪುಸ್ತಕಕ್ಕೆ ರುಜು ಹಾಕಿದವರು, ಈಗ ನನ್ನ ಕೈಯಲ್ಲಿ ಸುಳ್ಳು ಬರೆಸಲು ಬಂದಿದ್ದರು. ಅವರ ಕಣ್ಣಲ್ಲಿ ನೀರಿತ್ತೆಂಬುದು ಆಗ ನನಗೆ ಕಾಣಲಿಲ್ಲ. ನನ್ನ ಮೊಣಕಾಲನ್ನು ಆ ನೀರು ತಳ್ಳಿದ್ದು ಮಾತ್ರ ನೆನಪಿತ್ತು.

“ನಮ್ಮನ್ನ ನೀರಿಗಿಳಿಸಿದ್ದು ನೀವೇ ಅಲ್ವಾ ಮೇಷ್ಟ್ರೇ” ಎಂದೆ. ತಿರುಗಿ, ಮೊದಲು ಬರೆದಿದ್ದರ ಕೆಳಗೆ, ಇನ್ನೂ ದೊಡ್ಡದಾಗಿ ಹತ್ತು ಗಂಟೆ ಎಂದು ಬರೆದೆ. ಸೀಮೆಸುಣ್ಣ ಎರಡು ತುಂಡಾಯಿತು. ಹಿಂದೆ ಪೆನ್ನು ಗೀಚಿದ ಸದ್ದು ಕೇಳಿಸಿತು.

ಆ ಸಂಜೆ ಮೇಷ್ಟ್ರು ನಮ್ಮ ಮನೆಗೆ ಬಂದರು. ಜಗಲಿಯ ಮೇಲೆ ಕೂತವರು ಅವ್ವ ತಂದಿಟ್ಟ ಮಜ್ಜಿಗೆ ಮುಟ್ಟಲಿಲ್ಲ. ಅಪ್ಪನ ಎದುರಿಗೇ ನನ್ನನ್ನು ಹಿಗ್ಗಾಮುಗ್ಗಾ ಬೈದರು.

“ತಲೆ ಕೆಟ್ಟಿದ್ಯೇನೇ ನಿಂಗೆ? ನಾನು ಜಗಳ ಆಡ್ಬೋದು, ನಂಗೆ ಕೆಲಸ ಇದೆ, ಊರಿಂದ ಊರಿಗೆ ಹಾಕ್ತಾರೆ ಅಷ್ಟೇ. ನಿಂಗೇನಿದೆ? ಆ ಒಂದು ಪರೀಕ್ಷೆ ಬಿಟ್ರೆ ಏನಿದೆ?”

ನಾನು ಕಂಬ ಹಿಡಿದು ನಿಂತು ಅಳುತ್ತಿದ್ದೆ. ತಪ್ಪಾಯಿತು ಎಂದು ಮಾತ್ರ ಹೇಳಲಿಲ್ಲ. ಅಪ್ಪ ಎಲ್ಲ ಕೇಳಿಸಿಕೊಂಡು ಬೀಡಿ ಆರಿಸಿದ.

“ಅದೆಲ್ಲಾ ಇರ್ಲಿ ಮೇಷ್ಟ್ರೇ. ಲೆಕ್ಕ ಯಾವ್ದು ದಿಟ? ಅದುನ್ನೇಳಿ ಮೊದ್ಲು.”

ಮೇಷ್ಟ್ರು ತಲೆ ತಗ್ಗಿಸಿದರು. “ಮಗು ಬರೆದಿದ್ದೇ ದಿಟ.”

ಮಾರನೆಯ ದಿನ ಬೆಳಿಗ್ಗೆ ಎತ್ತು ಬಿಡುವ ಮೊದಲೇ ಎಲ್ಲಿಗೋ ಹೋದ ಅಪ್ಪ, ಬಿಸಿಲೇರುವ ಹೊತ್ತಿಗೆ ತೊಡೆಯವರೆಗೆ ಪಂಚೆ ಒದ್ದೆ ಮಾಡಿಕೊಂಡು ಬಂದ. ಹಿಂದೆ ನೀರುಗಂಟಿ. ಅಪ್ಪ ಕಾಲುವೆಯಲ್ಲಿ ಹೋಗಿ ಬಂದು ಮಾಡಿದ್ದನಂತೆ, ನೀರುಗಂಟಿ ಬೆರಳು ಮಡಿಸಿ ಎಣಿಸಿದ್ದನಂತೆ. ಒಂದು ಸಲಕ್ಕೆ ನಂಬಿಕೆ ಬಾರದೆ ಮೂರು ಸಲ.

ಅಪ್ಪ ನೆಟ್ಟಗೆ ಅಡಿಗೆಮನೆ ಬಾಗಿಲಿಗೆ ಹೋಗಿ ಅವ್ವನಿಗೆ ಹೇಳಿದ: “ನಿನ್ ತಮ್ಮಂಗೆ ಯೋಳ್ಕಳ್ಸು. ಒಂದ್ ವರ್ಸ ಕಾಯ್ಲಿ. ಆಗಾಕಿಲ್ಲ ಅಂದ್ರೆ ಬ್ಯಾರೆ ಕಡೆ ಎಣ್ಣು ನೋಡ್ಕಳ್ಲಿ. ಇದ್ದುದ್ನ ಇದ್ದಂಗೆ ಬರದ್ಲು ಅಂತ ನನ್ ಮಗುಳ್ಗೆ ಸಿಕ್ಸೆ ಕೊಡೋನು ಯಾವನು?” ಅವ್ವ ಒಲೆಯ ಮುಂದೆಯೇ ಅತ್ತಳು. ಮಾವ ಕಾಯಲಿಲ್ಲ. ಆ ಹುಡುಗನಿಗೆ ಮಾಲೂರು ಕಡೆ ಹೆಣ್ಣು ಸಿಕ್ಕಿತು, ಚೆನ್ನಾಗಿಯೇ ಬಾಳಿದರು. ಅವ್ವ ಎರಡು ವರ್ಷ ತವರಿಗೆ ಹೋಗಲಿಲ್ಲ.

ಇತ್ತ ಸ್ಕೂಲಿಗೆ, ಮೇಷ್ಟ್ರಿಂದ ಕ್ಷಮಾಪಣೆಯ ಪತ್ರ ಬರಬೇಕು, ನಡೆದದ್ದಕ್ಕೆ ವಿವರಣೆ ಕೊಡಬೇಕು ಎಂದು ಮೇಲಿನಿಂದ ಕಾಗದ ಬಂತು. ಹೆಡ್‌ಮಾಸ್ಟರು ಒಳ್ಳೆಯವರು, ಹೆದರುಪುಕ್ಕಲು. ಎಲ್ಲಿಂದಲೋ ಒಂದು ಬಿಳಿ ಹಾಳೆ ದೊರಕಿಸಿ ಮೇಷ್ಟ್ರ ಮುಂದಿಟ್ಟರು. ಮೇಷ್ಟ್ರು ನಮ್ಮ ಕ್ಲಾಸಿನಲ್ಲೇ ಕೂತು ಬರೆದರು. ಎರಡೂ ಕಡೆ ತುಂಬ, ಒಂದೊಂದು ಹಂತಕ್ಕೂ ಒಂದೊಂದು ಸಾಲಿನಂತೆ, ಆ ದೋಣಿ ಲೆಕ್ಕವನ್ನು ಮಾಡಿ ತೋರಿಸಿದ್ದರು. ಕೊನೆಗೆ ‘ಉತ್ತರ: ಹತ್ತು ಗಂಟೆ’ ಎಂದು ಬರೆದು, ಎರಡು ಗೆರೆ ಎಳೆದು, ರುಜು.

“ಇದನ್ನ ಹೇಗ್ರೀ ಕಳಿಸ್ಲಿ ನಾನು?” ಎಂದರು ಹೆಡ್‌ಮಾಸ್ಟರು.

“ವಿವರಣೆ ಕೇಳಿದ್ರು, ವಿವರಿಸಿದ್ದೀನಿ. ಇದರಲ್ಲಿ ಯಾವ ಸಾಲು ತಪ್ಪು ಅಂತ ತೋರಿಸ್ಲಿ, ಆ ಸಾಲಿಗೆ ಕ್ಷಮೆ ಕೇಳ್ತೀನಿ.”

ನನ್ನ ಕಡೆ ತಿರುಗಿ ನೋಡಲಿಲ್ಲ. ಆದರೆ ಅದನ್ನು ಅವರು ನನ್ನ ಎದುರಿಗೆ ಬರೆದದ್ದು ಯಾಕೆಂದು ನನಗೆ ಗೊತ್ತಿತ್ತು. ಬೋರ್ಡಿನ ಹತ್ತಿರ ನನಗೆ ಹೇಳಿದ ಮಾತನ್ನು ಅವರು ಹಾಗೆ ಹಿಂದಕ್ಕೆ ತೆಗೆದುಕೊಂಡರು. ನನ್ನ ಸಿಟ್ಟು ಅವತ್ತೇ ಇಳಿಯಿತು.

ವರ್ಗದ ಹುಕುಂ ಬೇಗನೆ ಬಂತು. ಮೊಳಕಾಲ್ಮೂರು ಕಡೆಗೆ. “ಈ ಸಲ ಕೆರೆಯೂ ಇಲ್ಲದ ಊರು ಹುಡುಕಿದ್ದಾರೆ” ಎಂದು ಜೋರಾಗಿ ನಕ್ಕರು. ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು; ಹಿಂದಿನ ಒಲೆಗೆ ಡ್ರೈವರು ಇದ್ದಿಲು ತುಂಬಿ ಗಾಳಿಚಕ್ರ ತಿರುಗಿಸುವಷ್ಟು ಹೊತ್ತು ನಾವೆಲ್ಲ ರಸ್ತೆಯಲ್ಲಿ ನಿಂತಿದ್ದೆವು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಆ ಛತ್ರಿ. ಮನೆ ಕೊಡದೆ ಹೋಗಿದ್ದ ಇಬ್ಬರೂ ಬಂದು ನಿಂತಿದ್ದರು. ಪಟೇಲರು ಬಂದಿರಲಿಲ್ಲ.

“ಮುಂದಿನ ವರ್ಷನೂ ಅದೇ ಲೆಕ್ಕ ಕೇಳಿದ್ರೆ?” ಎಂದು ಮೇಷ್ಟ್ರು ನನ್ನನ್ನು ಕೇಳಿದರು.

“ಹತ್ತು.”

“ಹಟಮಾರಿ” ಎಂದು ಬಸ್ಸು ಹತ್ತಿದರು. ಬೈದ ಹಾಗಿರಲಿಲ್ಲ.

ಅದೇ ಕ್ಲಾಸಿನಲ್ಲಿ ಮತ್ತೊಂದು ವರ್ಷ ಕೂತೆ. ನನಗಿಂತ ಚಿಕ್ಕ ಹುಡುಗರ ಜೊತೆ, ‘ಹತ್ತು ಗಂಟೆ’ ಎಂಬ ಅಡ್ಡಹೆಸರು ಹೊತ್ತುಕೊಂಡು. ಅಡ್ಡಹೆಸರಿಗೆ ಏನು ಮಾಡಬೇಕೆಂದು ಕಲಿತಾಗಿತ್ತು; ಸ್ಲೇಟಿನ ಚೌಕಟ್ಟಿನ ಮೇಲೆ ‘ಹ. ಗಂ.’ ಎಂದು ಮೊಳೆಯಿಂದ ಕೆತ್ತಿಕೊಂಡೆ. ಆ ವರ್ಷ ಬಹಳ ಉದ್ದವಾಗಿತ್ತು. ಎಷ್ಟೋ ಬೆಳಿಗ್ಗೆ, ಒಂದು ಸಾಲು ಸುಳ್ಳು ಬರೆದಿದ್ದರೆ ಇಷ್ಟು ಹೊತ್ತಿಗೆ ಹೈಸ್ಕೂಲಿನಲ್ಲಿರುತ್ತಿದ್ದೆ ಎಂದು ಅನ್ನಿಸುತ್ತಿತ್ತು. ಆ ಮಾತನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಮತ್ತೆ ಅದೇ ಇನ್ಸ್‌ಪೆಕ್ಟರು, ಅದೇ ಜಟಕಾ. ಈ ಸಲ ಅಪ್ಪ ಹೊಲಕ್ಕೆ ಹೋಗದೆ ಸ್ಕೂಲಿನ ಕಿಟಕಿಯ ಹೊರಗೆ ಬಂದು ನಿಂತಿದ್ದ. ಇನ್ಸ್‌ಪೆಕ್ಟರು ಬೇರೆ ಯಾರನ್ನೂ ಏನೂ ಕೇಳದೆ ಮೊದಲು ನನ್ನನ್ನೇ ಕರೆದರು.

“ಅದೇ ಲೆಕ್ಕ ಮಾಡು.”

ಮಾಡಿದೆ. ಅಕ್ಷರ ಸೊಟ್ಟಗೆ ಬಂದವು, ಉತ್ತರ ಹತ್ತೇ ಬಂತು.

“ಇನ್ನೂ ಹತ್ತೇನಾ?”

“ಹತ್ತೇ ಸಾರ್. ಕಾಲುವೇಲಿ ನೀರಿದೆ, ಬೇಕಾದ್ರೆ ನಡೆದು ನೋಡಿ.”

ಇನ್ಸ್‌ಪೆಕ್ಟರು ತಮ್ಮ ಚೀಲದಿಂದ ತಮ್ಮದೇ ಪುಸ್ತಕ ತೆಗೆದು ಕೊನೆಯ ಹಾಳೆ ತಿರುಗಿಸಿದರು. ನಾನು ಮೇಜಿನ ಪಕ್ಕದಲ್ಲೇ ಇದ್ದೆ. ಅವರ ಗುರುಗಳ ಆ ಉತ್ತರದ ಪಕ್ಕದಲ್ಲಿ, ಗೆರೆ ಎಳೆದಿರಲಿಲ್ಲ, ಪೆನ್ಸಿಲಿನಲ್ಲಿ ಒಂದು ಸಣ್ಣ ಪ್ರಶ್ನಾರ್ಥಕ ಚಿಹ್ನೆ ಇತ್ತು. ಮೇಷ್ಟ್ರ ಆ ಎರಡು ಪುಟದ ಹಾಳೆ ಅವರಿಗೆ ತಲುಪಿತ್ತೆಂದು ನನಗೆ ಆಗ ತಿಳಿಯಿತು. ಅವರು ಪುಸ್ತಕ ಮುಚ್ಚಿದರು. ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಪಟ್ಟಿ ಎಳೆದುಕೊಂಡು ನನ್ನ ಹೆಸರಿನ ಮುಂದೆ ರುಜು ಹಾಕಿದರು. ಕಿಟಕಿಯ ಹೊರಗೆ ಅಪ್ಪ ಕೆಮ್ಮಿದ.

ಪರೀಕ್ಷೆ ಪಾಸಾಯಿತು. ಹೈಸ್ಕೂಲಿಗೆ ಸೇರಿದ ದಿನ ಮೊಳಕಾಲ್ಮೂರಿಗೆ ಒಂದು ಕಾರ್ಡು ಬರೆದೆ. ನಡೆದದ್ದೆಲ್ಲ ಬರೆದು, ಒಂದು ವರ್ಷ ಹೋಯಿತಲ್ಲ ಎಂದು ಸ್ವಲ್ಪ ಅತ್ತೂ ಇದ್ದೆ. ಹತ್ತು ದಿನಕ್ಕೆ ಉತ್ತರ ಬಂತು. ಆ ಕಾರ್ಡು ನನ್ನ ಟ್ರಂಕಿನಲ್ಲಿ ಈಗಲೂ ಇದೆ, ಮೇಷ್ಟ್ರ ಮಗಳಿಗೆ ಅದನ್ನೇ ನಕಲು ಮಾಡಿ ಕಳಿಸುತ್ತಿದ್ದೇನೆ. ಸಾಧು ಎಂದವರಿಗೆ ಓದಿ ಹೇಳಲಿ. ಕೆಂಪು ಮಸಿಯಲ್ಲಿ ಇಷ್ಟೇ ಇದೆ:

“ಹನ್ನೆರಡು ತಿಂಗಳು ತಡ. ಎದುರು ನೀರಿನಲ್ಲಿ ಅಷ್ಟಾಗುತ್ತದೆ. ಉತ್ತರ ಸರಿಯಾಗಿದೆ. — ದೋ. ಮೇ.”